ಬರೆದುಕೊಟ್ಟಿದ್ದಕ್ಕೆ ಬಂದ ನೋಟಿಸ್

ಹೋದ ವರ್ಷ ನನಗೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಆಫರ್ ಬಂತು. ಕಂಟೆಂಟ್ ರೈಟಿಂಗ್, ಪದಕ್ಕೆ 2 ರೂಪಾಯಿ. ಫೀಸ್ ಇಲ್ಲ, ಆನ್‌ಲೈನ್ ಅಗ್ರಿಮೆಂಟ್‌ಗೆ ಸಹಿ ಹಾಕಿದ್ರೆ ಸಾಕು ಅಂದ್ರು. ಹಾಕಿದೆ. ಐದು ದಿನ ನಿದ್ದೆಗೆಟ್ಟು ಬರೆದು ಕಳಿಸಿದೆ. ಆರನೇ ದಿನ ಬಂತು ನೋಡಿ, 'ಲೀಗಲ್ ನೋಟಿಸ್'! ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, 5,800 ರೂಪಾಯಿ ಕಟ್ಟಿ, ಇಲ್ಲಾಂದ್ರೆ ಪೊಲೀಸರು ಮನೆಗೆ ಬರ್ತಾರೆ ಅಂತ.

ಬಿಕಾಂನಲ್ಲಿ 1872ರ ಕರಾರು ಕಾಯ್ದೆ ಓದಿದ್ದ ನಾನೇ ಒಂದು ರಾತ್ರಿ ನಡುಗಿದೆ. ಅಸಲಿಗೆ ಕರಾರು ಮುರಿಯೋದು ಸಿವಿಲ್ ವ್ಯಾಜ್ಯ, ಅಷ್ಟಕ್ಕೇ ಯಾರೂ ಅರೆಸ್ಟ್ ಮಾಡಲ್ಲ. ವಕೀಲರ ನೋಟಿಸ್ ಕೋರ್ಟ್ ಆದೇಶವೂ ಅಲ್ಲ. ನಮ್ಮ ಬರಹ ಅವರಿಗೆ ಬೇಕೇ ಇರಲಿಲ್ಲ, ದುಡ್ಡು ಹುಟ್ಟೋದು ಆ ಭಯದಿಂದ. ಸ್ಕ್ರೀನ್‌ಶಾಟ್ ತೆಗೆದಿಟ್ಟು ನಂಬರ್ ಬ್ಲಾಕ್ ಮಾಡಿದೆ. ನೀವು ಈಗಾಗಲೇ ಕಟ್ಟಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದ್ರೆ ಹಣವನ್ನ ಬ್ಯಾಂಕ್‌ನಲ್ಲೇ ತಡೆಯೋ ಅವಕಾಶ ಇರುತ್ತೆ.