ಬೇಕಂತ ಮಾಡಿದ್ದಲ್ಲ, ಸ್ವಾಮಿ!

ಜಟಕಾ ಗಾಡಿಯಲ್ಲಿ ಕೂತು ರೈಲ್ವೆ ಸ್ಟೇಷನ್ನಿಗೆ ಹೋದ ನೆನಪಿರುವ ಅಜ್ಜ ಅಜ್ಜಿಯರಿಗೆ ಈ ಆಟವನ್ನು ವಿವರಿಸುವುದು ಬಹಳ ಸುಲಭ. ಜಟಕಾದ ಮೇಲಿನ ಕಮಾನನ್ನು ಕಿತ್ತುಬಿಡಿ. ಹುಲ್ಲಿನ ಚೀಲ, ಪ್ರಯಾಣಿಕರು, ಟ್ರಂಕು ಎಲ್ಲವನ್ನೂ ಕೆಳಗಿಳಿಸಿ. ಎರಡು ಹಗುರವಾದ ಚಕ್ರ, ಎರಡು ಉದ್ದನೆಯ ಮೂಕಿ, ಒಬ್ಬರು ಮಾತ್ರ ಕೂರಬಹುದಾದ ಪುಟ್ಟ ಆಸನ, ಇಷ್ಟನ್ನೇ ಉಳಿಸಿಕೊಳ್ಳಿ. ಅಂಥ ಹತ್ತು ಹನ್ನೆರಡು ಗಾಡಿಗಳು ಒಟ್ಟಿಗೇ ಓಡಿದರೆ ಅದೇ ಹಾರ್ನೆಸ್ ರೇಸಿಂಗ್. ಆ ಪುಟ್ಟ ಗಾಡಿಯ ಹೆಸರು ಸಲ್ಕಿ. ಓಡಿಸುವವರು ಜಾಕಿಗಳಲ್ಲ, ಚಾಲಕರು. ಗಂಡಸರು ಹೆಂಗಸರು ಇಬ್ಬರೂ ಒಂದೇ ಓಟದಲ್ಲಿ ಓಡಿಸುತ್ತಾರೆ.

ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ನನಗೆ ಈ ಓಟದ ಪರಿಚಯವಾದದ್ದು ನಿವೃತ್ತಿಯ ನಂತರ. ಮಗಳು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನಲ್ಲಿದ್ದಾಳೆ. ಅಲ್ಲಿನ ಆಡಿಂಗ್ಟನ್ ಮೈದಾನದಲ್ಲಿ ನವೆಂಬರ್ ತಿಂಗಳ ಎರಡನೇ ಮಂಗಳವಾರ ‘ನ್ಯೂಜಿಲೆಂಡ್ ಟ್ರಾಟಿಂಗ್ ಕಪ್’ ನಡೆಯುತ್ತದೆ. 1904ರಲ್ಲಿ ಶುರುವಾದ ಓಟ, ದೂರ 3200 ಮೀಟರ್. ನಮ್ಮಲ್ಲಿ ಜಾತ್ರೆಗೆ ಹೋಗುವ ಹಾಗೆ ಅಲ್ಲಿನ ಜನ ಹೊಸ ಬಟ್ಟೆ, ದೊಡ್ಡ ಟೋಪಿ ಹಾಕಿಕೊಂಡು ಹೋಗುತ್ತಾರೆ. ಜೂಜೂ ಇದೆ, ಇಲ್ಲವೆನ್ನಲಾರೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ, ಮಕ್ಕಳಿಗೂ ಅದು ಬೇಡ. ನನ್ನನ್ನು ಹಿಡಿದು ನಿಲ್ಲಿಸಿದ್ದು ಓಟ ಮುಗಿದ ಮೇಲೆ ಒಳಗೊಂದು ಕೋಣೆಯಲ್ಲಿ ನಡೆಯುವ ವಿಚಾರಣೆ. ಹಳೆಯ ಕಸುಬಿನ ವಾಸನೆ ಅಷ್ಟು ಬೇಗ ಹೋಗುವುದಿಲ್ಲ ನೋಡಿ.

ವಿಚಾರಣೆಯ ವಿಷಯಕ್ಕೆ ಬರುವ ಮೊದಲು ಕುದುರೆಯ ಕಾಲುಗಳನ್ನು ಸ್ವಲ್ಪ ಗಮನಿಸಬೇಕು. ಈ ಓಟದಲ್ಲಿ ಕುದುರೆ ನಾಗಾಲೋಟ ಓಡುವ ಹಾಗಿಲ್ಲ! ಎರಡು ನಡಿಗೆಗಳಿಗೆ ಮಾತ್ರ ಅನುಮತಿ. ಒಂದು ಟ್ರಾಟ್: ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ಇನ್ನೊಂದು ಪೇಸ್: ಒಂದೇ ಪಕ್ಕದ ಮುಂಗಾಲು ಹಿಂಗಾಲು ಒಟ್ಟಿಗೆ, ಒಂಟೆಯ ಹಾಗೆ. ಪೇಸ್ ಕುದುರೆಗಳ ಕಾಲಿಗೆ ಸಾಮಾನ್ಯವಾಗಿ ಪಟ್ಟಿಗಳನ್ನೂ ತೊಡಿಸುತ್ತಾರೆ, ನಡಿಗೆ ತಪ್ಪದಿರಲೆಂದು. ಗಾಬರಿಯಿಂದಲೋ ಎಡವಿಯೋ ಕುದುರೆ ನಾಗಾಲೋಟಕ್ಕೆ ಬಿದ್ದರೆ ಚಾಲಕ ಲಗಾಮು ಎಳೆದು ಅದನ್ನು ಸರಿಯಾದ ನಡಿಗೆಗೆ ತರಲೇಬೇಕು. ಅಷ್ಟರಲ್ಲಿ ಉಳಿದವರು ಎಷ್ಟೋ ಮುಂದೆ ಹೋಗಿರುತ್ತಾರೆ.

ಈ ಕುದುರೆಗಳ ತಳಿಗೆ ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ಹೆಸರು ಬಂದದ್ದೂ ಒಂದು ಪರೀಕ್ಷೆಯಿಂದ. 1879ರಲ್ಲಿ ಅಮೆರಿಕದಲ್ಲಿ, ಒಂದು ಮೈಲಿಯನ್ನು ಎರಡೂವರೆ ನಿಮಿಷದೊಳಗೆ ಮುಗಿಸುವುದು ಎಂಬ ಮಟ್ಟವನ್ನು ಗೊತ್ತುಮಾಡಿದರು. ಪಾಸಾದವು ‘ಸ್ಟ್ಯಾಂಡರ್ಡ್’. ಈಗಿನ ಒಳ್ಳೆಯ ಕುದುರೆಗಳಿಗೆ ಎರಡು ನಿಮಿಷವೂ ಬೇಡ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ನ್ಯೂಜಿಲೆಂಡಿನ ಕಾರ್ಡಿಗನ್ ಬೇ ಎಂಬ ಕುದುರೆ 1968ರಲ್ಲಿ, ಹತ್ತು ಲಕ್ಷ ಡಾಲರ್ ಬಹುಮಾನ ಗಳಿಸಿದ ಮೊದಲ ಸ್ಟ್ಯಾಂಡರ್ಡ್‌ಬ್ರೆಡ್ ಎನಿಸಿತು. ಆ ದೇಶ ಅದರ ಚಿತ್ರದ ಅಂಚೆಚೀಟಿಯನ್ನೇ ತಂದಿತು. ಅಂಚೆಚೀಟಿ ಸಂಗ್ರಹಿಸುವ ಮಕ್ಕಳು ಹುಡುಕಿ ನೋಡಬಹುದು.

ಈಗ ಅಪಾಯ ಎಲ್ಲಿದೆ ಎಂದು ಲೆಕ್ಕ ಹಾಕಿ. ನಮ್ಮ ಕರಾವಳಿಯ ಜೋಡುಕರೆ ಕಂಬಳದಲ್ಲಿ ಕೋಣಗಳ ಒಂದೊಂದು ಜೋಡಿಗೂ ತನ್ನದೇ ಕರೆ. ಇವರ ಕೋಣ ಅವರ ಕೋಣಕ್ಕೆ ಡಿಕ್ಕಿ ಹೊಡೆಯುವ ಪ್ರಶ್ನೆಯಿಲ್ಲ. ಇಲ್ಲಿ ಹಾಗಲ್ಲ. ಗೆರೆಯಿಲ್ಲ, ಬೇಲಿಯಿಲ್ಲ. ಒಳಸುತ್ತು ಹತ್ತಿರದ ದಾರಿಯಾದ್ದರಿಂದ ಎಲ್ಲರಿಗೂ ಅದೇ ಬೇಕು. ಮುಂದಿರುವ ಕುದುರೆಗೆ ಗಾಳಿ ಬಡಿಯುತ್ತದೆ. ಅದರ ಬೆನ್ನ ಹಿಂದೆ ಸೇರಿಕೊಂಡದ್ದಕ್ಕೆ ಆಯಾಸ ಕಡಿಮೆ. ಎಲ್ಲಕ್ಕಿಂತ ಹೊರಗೆ ಸಿಕ್ಕಿಬಿದ್ದವರಿಗೆ ಗಾಳಿಯೂ ಜಾಸ್ತಿ, ದೂರವೂ ಜಾಸ್ತಿ. ಹೀಗಾಗಿ ಹೊರಗಿರುವ ಚಾಲಕ ಸದಾ ಒಳಗೆ ಸರಿಯಲು ಹವಣಿಸುತ್ತಾನೆ, ಒಳಗೆ ಸಿಕ್ಕಿಹಾಕಿಕೊಂಡವನು ಕೊನೆಯ ಸುತ್ತಿನಲ್ಲಿ ಹೊರಗೆ ಬರಲು ಹವಣಿಸುತ್ತಾನೆ. ಜಾಗ ಬೇಕು, ಸಮಯ ಇಲ್ಲ. ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಗಾಡಿ ನಾಲ್ಕು ಮೀಟರ್ ಮುಂದಿರುತ್ತದೆ. ಪಕ್ಕದ ಕುದುರೆಯ ಮುಂಗಾಲಿಗೆ ನಿಮ್ಮ ಚಕ್ರ ತಾಗಿದರೆ ಆ ಕುದುರೆ ಮುಗ್ಗರಿಸಬಹುದು, ಅದರ ಹಿಂದಿನ ಮೂರು ಗಾಡಿಗಳು ಅದರ ಮೇಲೇ ಬೀಳಬಹುದು. ಕಾಲು ಸಿಕ್ಕಿಕೊಳ್ಳದಿರಲೆಂದು ಚಕ್ರದ ಕಡ್ಡಿಗಳನ್ನು ತಟ್ಟೆಯಂಥ ಮುಚ್ಚಳದಿಂದ ಮುಚ್ಚಿರುತ್ತಾರೆ. ಆದರೂ ಬಿದ್ದವರು ಬೀಳುತ್ತಾರೆ. ಬಿದ್ದ ಕುದುರೆ ಏಳದೆಯೂ ಇರಬಹುದು.

ಹೀಗೆ ಯಾರಾದರೂ ಸಾಕಷ್ಟು ಜಾಗವಿಲ್ಲದೆಯೇ ಒಳಗೆ ನುಗ್ಗಿ ಮತ್ತೊಬ್ಬರ ಓಟ ಕೆಡಿಸಿದರೆ ನ್ಯೂಜಿಲೆಂಡಿನಲ್ಲಿ ಹಾರ್ನೆಸ್ ರೇಸಿಂಗಿನ 869ನೇ ನಿಯಮ ಎದ್ದು ನಿಲ್ಲುತ್ತದೆ. ಓಟದಲ್ಲಿ ಅಜಾಗರೂಕವಾಗಿ ಗಾಡಿ ಓಡಿಸಬಾರದು ಎನ್ನುವ ನಿಯಮ ಅದು. ಮೈದಾನದ ಸುತ್ತ ಕಣ್ಣಿಟ್ಟಿರುವ ಸ್ಟೀವರ್ಡುಗಳು ಬೇರೆ ಬೇರೆ ಕ್ಯಾಮೆರಾಗಳ ಚಿತ್ರವನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುತ್ತಾರೆ. ಅನುಮಾನ ಬಂದರೆ ಚಾಲಕನನ್ನು ಕರೆಸುತ್ತಾರೆ. ಬೆವರಿನ ಮುಖ, ಮಣ್ಣು ಮೆತ್ತಿದ ಅಂಗಿ, ಕೈಯಲ್ಲಿ ಶಿರಸ್ತ್ರಾಣ, ಹಾಗೆಯೇ ಬರಬೇಕು. ಆರೋಪ ಓದಿ ಹೇಳುತ್ತಾರೆ. ಒಪ್ಪುತ್ತೀರೋ ಇಲ್ಲವೋ?

ಒಪ್ಪದಿದ್ದರೆ ವಿಚಾರಣೆ. ಇಲ್ಲಿ ನನಗೆ ತುಂಬ ಇಷ್ಟವಾದ ಏರ್ಪಾಡು ಒಂದಿದೆ. ಆರೋಪ ಹೊರಿಸುವವರು ಸ್ಟೀವರ್ಡುಗಳು, ತೀರ್ಪು ಕೊಡುವುದು ಅವರಲ್ಲ. ಅದಕ್ಕೆ ಬೇರೆಯೇ ಒಂದು ನಿರ್ಣಯ ಸಮಿತಿ. 2021ರ ಜುಲೈ 1ರಿಂದ ಅಲ್ಲಿ ರೇಸಿಂಗ್ ಇಂಟೆಗ್ರಿಟಿ ಬೋರ್ಡ್ ಎಂಬ ಸ್ವತಂತ್ರ ಸಂಸ್ಥೆ ಈ ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ. ಅದಕ್ಕೆ ಮೊದಲೂ ದೂರುವ ಕೈ ಬೇರೆ, ತೂಗುವ ಕೈ ಬೇರೆ ಆಗಿತ್ತು. ಸಮಿತಿಯ ಮುಂದೆ ಸ್ಟೀವರ್ಡ್ ಚಿತ್ರ ತೋರಿಸಿ ವಾದಿಸುತ್ತಾನೆ, ತೊಂದರೆಗೊಳಗಾದ ಚಾಲಕನನ್ನು ಸಾಕ್ಷಿಗೆ ಕರೆಯಬಹುದು, ಆರೋಪಿ ಪ್ರಶ್ನೆ ಕೇಳಬಹುದು, ತನ್ನ ಕಥೆ ಹೇಳಬಹುದು. ತೀರ್ಪು ಕಾರಣಗಳ ಸಮೇತ ಪ್ರಕಟವಾಗುತ್ತದೆ, ನೀವೂ ನಾನೂ ಓದಬಹುದು. ಮಧ್ಯಾಹ್ನ ಊಟವಾದ ಮೇಲೆ ಮಲಗುವ ಬದಲು ನಾನು ಓದುತ್ತಿದ್ದದ್ದು ಅವನ್ನೇ. ಮಗಳಿಗೆ ನಗು.

ಚಾಲಕರು ಹೇಳುವ ಸಬೂಬುಗಳು ಲೋಕದ ಎಲ್ಲ ಕಡೆ ಒಂದೇ. ‘ಪಕ್ಕದವನೇ ನನ್ನನ್ನು ಹೊರಕ್ಕೆ ತಳ್ಳಿದ.’ ‘ನಾನು ಪೂರ್ತಿ ಮುಂದೆ ಹೋಗಿದ್ದೇನೆ ಅಂದುಕೊಂಡೆ.’ ‘ನನ್ನ ಕುದುರೆಯೇ ಒಳಕ್ಕೆ ವಾಲಿತು, ನಾನೇನು ಮಾಡಲಿ?’ ಈ ಕೊನೆಯದು ಬರೀ ನೆವವೇ ಆಗಿರಬೇಕಿಲ್ಲ. ಕೆಲವು ಕುದುರೆಗಳು ದಣಿದಾಗ ನಿಜವಾಗಿಯೂ ಒಂದು ಪಕ್ಕಕ್ಕೆ ವಾಲುತ್ತವೆ. ಆಗ ಸಮಿತಿ ಕುದುರೆಯನ್ನು ಬಿಟ್ಟು ಚಾಲಕನ ಕೈಗಳನ್ನು ನೋಡುತ್ತದೆ. ಕುದುರೆ ವಾಲುತ್ತಿದ್ದಾಗ ಆ ಕೈ ಏನು ಮಾಡುತ್ತಿತ್ತು? ಹೊರಗಿನ ಲಗಾಮನ್ನು ಬಲವಾಗಿ ಎಳೆದು ತಿದ್ದುತ್ತಿದ್ದರೆ ಅವನ ಪಾಲಿನ ಎಚ್ಚರ ಅವನು ವಹಿಸಿದ್ದಾನೆ. ತಿದ್ದುವುದು ಬಿಟ್ಟು ಇನ್ನೂ ಜೋರಾಗಿ ಓಡಿಸುತ್ತಿದ್ದರೆ? ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ. ಪಕ್ಕದಿಂದ ತೆಗೆದ ಚಿತ್ರ ನೋಡಿದರೆ ಎರಡು ಗಾಡಿಗಳ ನಡುವೆ ಅಡ್ಡಡ್ಡ ಎಷ್ಟು ಜಾಗವಿತ್ತೆಂದು ತಿಳಿಯುವುದಿಲ್ಲ. ಎದುರಿನಿಂದ ತೆಗೆದದ್ದರಲ್ಲಿ ಹಿಂದೆ ಮುಂದೆ ಎಷ್ಟು ಅಂತರವಿತ್ತೆಂದು ತಿಳಿಯುವುದಿಲ್ಲ. ಎರಡನ್ನೂ ಕೂಡಿಸಿಯೇ ನೋಡಬೇಕು.

‘ಬೇಕಂತ ಮಾಡಿದ್ದಲ್ಲ, ಸ್ವಾಮಿ’ ಎನ್ನುವುದು ಮಾತ್ರ ಇಲ್ಲಿ ಉತ್ತರವೇ ಅಲ್ಲ. ಬೇಕಂತಲೇ ಮಾಡಿದ್ದರೆ ಅದು ಇನ್ನೂ ದೊಡ್ಡ ಅಪರಾಧ. ಅಜಾಗರೂಕತೆ ಎಂದರೆ ಬೇಡವೆಂದುಕೊಂಡೇ ಆಗಿಹೋದ ತಪ್ಪು. ಅಳತೆಗೋಲು ಒಂದೇ: ನುರಿತ ಚಾಲಕನೊಬ್ಬ ಆ ಜಾಗದಲ್ಲಿ, ಆ ಕ್ಷಣದಲ್ಲಿ ವಹಿಸುತ್ತಿದ್ದ ಎಚ್ಚರವನ್ನು ಇವನು ವಹಿಸಿದನೇ? ನಮ್ಮ ಹಳೆಯ ದಂಡ ಸಂಹಿತೆಯ 279ನೇ ಕಲಮು ನನಗೆ ಬಾಯಿಪಾಠ. ರಸ್ತೆಯಲ್ಲಿ ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ವಾಹನ ಓಡಿಸುವವರ ಜೊತೆಗೆ ಸವಾರಿ ಮಾಡುವವರನ್ನೂ ಅದು ಸೇರಿಸಿಕೊಂಡಿತ್ತು. 1860ರ ಕಾನೂನು, ಆಗ ನಮ್ಮ ರಸ್ತೆಗಳಲ್ಲಿ ಮೋಟಾರು ಕಾರು ಎಲ್ಲಿತ್ತು? ಕುದುರೆ, ಗಾಡಿಗಳನ್ನು ಕಣ್ಣೆದುರಿಟ್ಟುಕೊಂಡೇ ಬರೆದದ್ದು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 281ನೇ ಕಲಮು. ಆದರೆ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಮೈದಾನದ ವಿಚಾರಣೆಯಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ನೋಡಿದರೆ ಸಾಕು. ಅಲ್ಲಿ ಜೈಲೂ ಇಲ್ಲ.

ಇದೆಲ್ಲ ಮೊಮ್ಮಕ್ಕಳಿಗೆ ಎಷ್ಟು ಅರ್ಥವಾಗಿತ್ತೆಂದು ಒಂದು ಸಂಜೆ ಗೊತ್ತಾಯಿತು. ಮನೆಯ ಮುಂದಿನ ಇಳಿಜಾರಿನಲ್ಲಿ ಅಣ್ಣನ ಸೈಕಲ್ಲು ತಂಗಿಯ ಸೈಕಲ್ಲಿಗೆ ತಾಗಿ ಅವಳ ಮಂಡಿ ಕೆತ್ತಿಹೋಯಿತು. ಅಣ್ಣನಿಗೆ ಹನ್ನೆರಡು ವರ್ಷ, ತಂಗಿಗೆ ಒಂಬತ್ತು. ಒಬ್ಬಳ ಅಳು, ಇನ್ನೊಬ್ಬನ ‘ಬೇಕಂತ ಮಾಡಲಿಲ್ಲ’. ತಂಗಿ ಅಳು ನಿಲ್ಲಿಸಿ, “ಅಜ್ಜ, ವಿಚಾರಣೆ ಆಗಲಿ” ಅಂದಳು! ಊಟದ ಮೇಜೇ ಕೋರ್ಟು. ದೂರುವವರೇ ತೀರ್ಪು ಕೊಡಬಾರದಲ್ಲ, ಹಾಗಾಗಿ ನಾನು ಸ್ಟೀವರ್ಡ್, ಮಗಳು ಸಮಿತಿ. ಬಾಗಿಲ ಗಂಟೆಯ ಕ್ಯಾಮೆರಾದಲ್ಲಿ ಎದುರಿನ ಚಿತ್ರ ಸಿಕ್ಕಿತು. ಅಣ್ಣ ತಿರುಗಿ ನೋಡಿದ್ದು ನಿಜ, ಆದರೆ ತಂಗಿಯಿಲ್ಲದ ಕಡೆಗೆ. ಎರಡನೇ ಸಲ ನೋಡಿದಾಗ ಅವನೇ, “ಒಪ್ಪಿದೆ” ಅಂದ. ಮೂರು ದಿನ ಸೈಕಲ್ ಬಂದ್. ಶನಿವಾರ ಶಾಲೆಯಿಂದ ಸೈಕಲ್ ಪ್ರವಾಸವಿದ್ದದ್ದರಿಂದ ಶಿಕ್ಷೆ ಸೋಮವಾರದಿಂದ ಜಾರಿ. ತಂಗಿಗೆ ಈ ರಿಯಾಯಿತಿ ಸ್ವಲ್ಪವೂ ಹಿಡಿಸಲಿಲ್ಲ. “ನನ್ನ ಮಂಡಿಗೆ ಸೋಮವಾರದ ತನಕ ನೋಯಬೇಡ ಅಂತ ಹೇಳಕ್ಕಾಗುತ್ತಾ?” ಎಂದು ಕೇಳಿದಳು. ಸಮಿತಿಯ ಬಳಿ ಉತ್ತರವಿರಲಿಲ್ಲ.

ಅಲ್ಲಿಯೂ ಶಿಕ್ಷೆಯ ಲೆಕ್ಕಾಚಾರ ಹೀಗೇ ಸೂಕ್ಷ್ಮ. ತಪ್ಪು ಸಣ್ಣದೋ, ಮಧ್ಯಮವೋ, ದೊಡ್ಡದೋ ಎಂದು ಮೊದಲು ತೀರ್ಮಾನ. ಅದರಿಂದ ಏನಾಯಿತು, ಒಂದು ಕುದುರೆ ಅರೆಗಳಿಗೆ ತಡವರಿಸಿತೋ, ನಾಲ್ಕು ಗಾಡಿ ಉರುಳಿದವೋ? ಚಾಲಕನ ಹಿಂದಿನ ದಾಖಲೆ ಹೇಗಿದೆ? ವರ್ಷಕ್ಕೆ ಮುನ್ನೂರು ಓಟ ಓಡಿಸಿ ಒಮ್ಮೆ ತಪ್ಪಿದವನೂ ಐವತ್ತರಲ್ಲಿ ನಾಲ್ಕು ಸಲ ತಪ್ಪಿದವನೂ ಒಂದೇ ಅಲ್ಲ. ತಪ್ಪೊಪ್ಪಿಕೊಂಡರೆ ಸ್ವಲ್ಪ ವಿನಾಯಿತಿ. ಕೊನೆಗೆ ದಂಡ ಅಥವಾ ಅಮಾನತು. ನನ್ನ ಮಟ್ಟಿಗೆ ಅಮಾನತೇ ವಾಸಿ. ದಂಡ ಕಟ್ಟುವುದು ಉಳ್ಳವನಿಗೆ ಸುಲಭ, ಆಗಷ್ಟೇ ಕಣ್ಣು ಬಿಡುತ್ತಿರುವ ಹುಡುಗನಿಗೆ ಕಷ್ಟ. ಅಮಾನತಿನಲ್ಲೂ ತೊಡಕಿದೆ. ಒಂದೇ ವಾರ ಮನೆಯಲ್ಲಿ ಕೂರಿಸಿದರೆ ಒಬ್ಬನಿಗೆ ಹತ್ತು ಓಟ ಹೋಗುತ್ತದೆ, ಇನ್ನೊಬ್ಬನಿಗೆ ಒಂದು. ಅದಕ್ಕೇ ದಿನಗಳನ್ನು ಎಣಿಸುವಾಗ ಆ ದಿನಗಳಲ್ಲಿ ಅವನಿಗೆ ಎಷ್ಟು ಓಟ ತಪ್ಪುತ್ತದೆ ಎಂಬುದನ್ನೂ ಎಣಿಸುತ್ತಾರೆ. ಚಾಲಕರಿಗೆ ಸಿಗುವುದು ಓಟಕ್ಕಿಷ್ಟು ಶುಲ್ಕ, ಗೆದ್ದರೆ ಬಹುಮಾನದಲ್ಲಿ ಪಾಲು. ಓಟವಿಲ್ಲದ ದಿನ ಅದೂ ಇಲ್ಲ. ಮನೆ ಬಾಡಿಗೆ ಮಾತ್ರ ಕಾಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಜನ ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಾರೆ. ಚಾಲಕನ ಶಿಕ್ಷೆ ಬೇರೆ, ಕುದುರೆಯ ಸ್ಥಾನ ಬೇರೆ. ಅಡ್ಡಿಪಡಿಸಿದ ಕುದುರೆಯನ್ನು ಅಡ್ಡಿಗೊಳಗಾದ ಕುದುರೆಯ ಹಿಂದಿನ ಸ್ಥಾನಕ್ಕೆ ಇಳಿಸುವುದುಂಟು. ಅದಕ್ಕೆ ಪ್ರತ್ಯೇಕ ವಿಚಾರಣೆ. ಚಾಲಕನ ಕೈತಪ್ಪಿಗೆ ಮಾಲೀಕ ಬಹುಮಾನ ಕಳೆದುಕೊಳ್ಳುತ್ತಾನೆ. ಕುದುರೆಯಂತೂ ಪಾಪ, ಹೇಳಿದ ಕಡೆ ಓಡಿದ್ದಷ್ಟೇ.

ಅಮಾನತು ಸಾಮಾನ್ಯವಾಗಿ ಆ ಕ್ಷಣವೇ ಶುರುವಾಗುವುದಿಲ್ಲ. ಆ ದಿನ ಒಪ್ಪಿಕೊಂಡ ಉಳಿದ ಓಟಗಳನ್ನು ಮುಗಿಸಲು ಬಿಡುತ್ತಾರೆ, ಇಲ್ಲದಿದ್ದರೆ ಬೇರೆ ಮಾಲೀಕರಿಗೆ ತೊಂದರೆ. ಹೀಗಾಗಿ ಕೋಣೆಯಿಂದ ಹೊರಬಂದ ಚಾಲಕ ಮುಖ ತೊಳೆದು, ಬೇರೆ ಬಣ್ಣದ ಅಂಗಿ ತೊಟ್ಟು, ಅರ್ಧ ಗಂಟೆಯಲ್ಲಿ ಮತ್ತೊಂದು ಸಲ್ಕಿ ಏರುತ್ತಾನೆ. ಎರಡು ಕಡೆ ರೆಕ್ಕೆಯಂಥ ಗೇಟು ಚಾಚಿಕೊಂಡ ಕಾರು ನಿಧಾನವಾಗಿ ಹೊರಡುತ್ತದೆ, ಕುದುರೆಗಳು ಅದರ ಹಿಂದೆ ಸಾಲುಗಟ್ಟುತ್ತವೆ. ಸ್ವಲ್ಪ ಹೊತ್ತಿಗೆ ಮುಂಚೆ ಅವನ ವಿರುದ್ಧ ಸಾಕ್ಷಿ ಹೇಳಿದವನು ಪಕ್ಕದ ಗಾಡಿಯಲ್ಲೇ ಇರಬಹುದು, ಚಕ್ರಕ್ಕೂ ಚಕ್ರಕ್ಕೂ ಎರಡು ಗೇಣು. ಕಾರಿನ ವೇಗ ಏರುತ್ತದೆ, ಗೇಟು ಮಡಚಿಕೊಳ್ಳುತ್ತದೆ, ಎಲ್ಲರಿಗೂ ಮತ್ತೆ ಅದೇ ಒಳಸುತ್ತು ಬೇಕು.