ಕಟಕಟೆಗೆ ಕರೆದ ಪುಟ್ಟ ದೇಶ

2014ರ ಏಪ್ರಿಲ್‌ನಲ್ಲಿ ಶಾಂತಸಾಗರದ ಮಾರ್ಷಲ್ ದ್ವೀಪರಾಷ್ಟ್ರವು ಭಾರತವೂ ಸೇರಿದಂತೆ ಒಂಬತ್ತು ಅಣ್ವಸ್ತ್ರ ರಾಷ್ಟ್ರಗಳ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ನಿಶ್ಶಸ್ತ್ರೀಕರಣದ ಸಂಧಾನ ನಡೆಸುವ ಹೊಣೆಯನ್ನು ಇವು ನಿಭಾಯಿಸಿಲ್ಲವೆಂಬುದು ಅದರ ದೂರು. ಸರ್ಕಾರಿ ಸೇವೆಯಲ್ಲಿ ಆಯುಷ್ಯ ಸವೆಸಿದ ನನಗೆ ಮೊದಲು ಬಂದದ್ದು ನಗು. ನಮ್ಮ ಒಂದು ತಾಲ್ಲೂಕಿನಷ್ಟೂ ಜನರಿಲ್ಲದ ದೇಶಕ್ಕೆ ಈ ಉಸಾಬರಿ ಏಕೆ? ದಾವೆಯ ಹಿಂದಿದ್ದ ವಿದೇಶಾಂಗ ಸಚಿವ ಟೋನಿ ಡಿಬ್ರಮ್ ಅವರ ಬದುಕನ್ನು ಅರಿತ ಮೇಲೆ ಆ ನಗು ಉಳಿಯಲಿಲ್ಲ.

1954ರ ಮಾರ್ಚ್ 1ರಂದು, ಒಂಬತ್ತರ ಬಾಲಕ ಡಿಬ್ರಮ್ ಲಿಕೀಪ್ ದ್ವೀಪದಲ್ಲಿ ಅಜ್ಜನೊಡನೆ ಮೀನು ಹಿಡಿಯುತ್ತಿದ್ದರು. ದೂರದ ಬಿಕಿನಿಯಲ್ಲಿ ಅಮೆರಿಕ ಸಿಡಿಸಿದ, ಹಿರೋಶಿಮಾದ್ದಕ್ಕಿಂತ ಸಾವಿರ ಪಟ್ಟು ಪ್ರಬಲವಾದ ಬಾಂಬಿನ ಬೆಳಕನ್ನು ಕಣ್ಣಾರೆ ಕಂಡರು. 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ ನಡೆದ ಪರೀಕ್ಷೆಗಳು 67. ಮುಂದೆ ಅದೇ ಅಮೆರಿಕದೊಡನೆ ಸ್ವಾತಂತ್ರ್ಯದ ಮಾತುಕತೆಯಲ್ಲಿ ಪಾಲ್ಗೊಂಡರು. ಮೂರು ಬಾರಿ ವಿದೇಶಾಂಗ ಸಚಿವರಾದರು. 2015ರ ಪ್ಯಾರಿಸ್ ಹವಾಮಾನ ಸಮಾವೇಶದಲ್ಲಿ ಬಡ, ಸಿರಿವಂತ ದೇಶಗಳನ್ನು ಒಗ್ಗೂಡಿಸಿ, 1.5 ಡಿಗ್ರಿ ತಾಪಮಾನ ಮಿತಿಯ ಗುರಿ ಒಪ್ಪಂದದಲ್ಲಿ ಸೇರಲು ಶ್ರಮಿಸಿದರು.

ನ್ಯಾಯಾಲಯದ ಕಡ್ಡಾಯ ಅಧಿಕಾರವ್ಯಾಪ್ತಿಯನ್ನು ಒಪ್ಪಿದ್ದ ಭಾರತ, ಪಾಕಿಸ್ತಾನ, ಬ್ರಿಟನ್‌ಗಳ ದಾವೆಗಳಷ್ಟೇ ಮುಂದುವರಿದವು. ಉಳಿದ ಆರು ದೇಶಗಳು ಕಟಕಟೆಗೇ ಬರಲಿಲ್ಲ. ನಮ್ಮ ವಿರುದ್ಧದ ದಾವೆ 2016ರ ಅಕ್ಟೋಬರ್‌ನಲ್ಲಿ 9–7 ಮತಗಳಿಂದ ಬಿತ್ತು. ಉಭಯ ದೇಶಗಳ ನಡುವೆ ವಿವಾದವೇ ಇರಲಿಲ್ಲವೆಂಬುದು ಕಾರಣ. ಮೂಲ ಪ್ರಶ್ನೆಯ ವಿಚಾರಣೆಯೇ ನಡೆಯಲಿಲ್ಲ. ಮರುವರ್ಷ ಡಿಬ್ರಮ್ ತೀರಿಕೊಂಡರು.

ಅವರು ಆ ದಾವೆಯಲ್ಲಿ ಪರಿಹಾರದ ಹಣ ಕೇಳಿರಲಿಲ್ಲ. ಸಂಧಾನಕ್ಕೆ ಬನ್ನಿ ಎಂದಷ್ಟೇ ಕೇಳಿದ್ದರು. 1988ರಲ್ಲಿ ವಿಶ್ವಸಂಸ್ಥೆಯ ಮುಂದೆ ಅಣ್ವಸ್ತ್ರಮುಕ್ತ ಜಗತ್ತಿನ ಯೋಜನೆ ಮಂಡಿಸಿದ್ದ ಭಾರತಕ್ಕೆ ಇದು ಅಪರಿಚಿತ ಬೇಡಿಕೆಯಲ್ಲ. ತಾಂತ್ರಿಕ ಕಾರಣದಿಂದ ಕಡತ ಮುಚ್ಚುವುದು ಹೇಗೆಂದು ನಾನು ಬಲ್ಲೆ. ಮುಚ್ಚಿದ ಕಡತದೊಳಗಿನ ಪ್ರಶ್ನೆ ಸಾಯುವುದಿಲ್ಲವೆಂಬುದನ್ನೂ ಬಲ್ಲೆ.