ಗೃಹ ಗಣಕಯಂತ್ರದ ಹಿನ್ನೆಲೆ ಕಾರ್ಯಗಳು: ನಿಲ್ಲಿಸಬೇಕಾದವು, ಉಳಿಸಬೇಕಾದವು

ಗಣಕಯಂತ್ರದ ಗುಂಡಿಯನ್ನು ಒತ್ತಿದ ಮೇಲೆ ಪರದೆ ಸಿದ್ಧವಾಗುವುದಕ್ಕೆ ಕೆಲವು ನಿಮಿಷ, ಅನಂತರ ಒಂದು ಪತ್ರವನ್ನು ತೆರೆಯುವುದಕ್ಕೆ ಮತ್ತೆ ಕೆಲವು ನಿಮಿಷ ಕಾಯಬೇಕಾಗುತ್ತದೆಂಬ ದೂರು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಯಂತ್ರ ಹಳತಾಯಿತೆಂದು ಭಾವಿಸಿ ಹೊಸದಕ್ಕೆ ಹಣ ತೆರುವವರುಂಟು. ಯಾರೋ ಹೇಳಿದರೆಂದು ಕಂಡ ಕಂಡ ತಂತ್ರಾಂಶಗಳನ್ನೆಲ್ಲ ನಿಲ್ಲಿಸಿ, ಕನ್ನಡದಲ್ಲಿ ಬೆರಳಚ್ಚು ಮಾಡುವ ಸೌಕರ್ಯವನ್ನೋ ವೈರಸ್ ರಕ್ಷಣೆಯನ್ನೋ ಕಳೆದುಕೊಂಡವರೂ ಉಂಟು. ಬಹುಪಾಲು ಸಂದರ್ಭಗಳಲ್ಲಿ ನಿಧಾನಗತಿಗೆ ಕಾರಣ ಯಂತ್ರದ ವಯಸ್ಸೊಂದೇ ಅಲ್ಲ. ಬಳಕೆದಾರರು ಕರೆಯದಿದ್ದರೂ ತಾವಾಗಿಯೇ ಎದ್ದು ತೆರೆಮರೆಯಲ್ಲಿ ನಡೆಯುತ್ತಿರುವ ಕಾರ್ಯಗಳೂ ಕಾರಣ. ಇವುಗಳಲ್ಲಿ ಅನಾವಶ್ಯಕವಾದವುಗಳನ್ನು ಗುರುತಿಸಿ ನಿಲ್ಲಿಸುವುದು ಮನೆಯಲ್ಲಿಯೇ, ಯಾವ ಖರ್ಚೂ ಇಲ್ಲದೆ ಮಾಡಬಹುದಾದ ಕೆಲಸ.

ಈ ಸಮಸ್ಯೆ ಇಂದಿನದಲ್ಲ. ಡಾಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯ ಕಾಲದಲ್ಲಿ ತಂತ್ರಾಂಶಗಳಿಗೆ ದೊರೆಯುತ್ತಿದ್ದ ಮುಖ್ಯ ಸ್ಮೃತಿ ಕೇವಲ 640 ಕಿಲೋಬೈಟ್. ಒಮ್ಮೆಗೆ ಒಂದೇ ತಂತ್ರಾಂಶ ನಡೆಯಬೇಕೆಂಬುದು ನಿಯಮವಾದರೂ, ಕೆಲಸ ಮುಗಿದ ಮೇಲೂ ಸ್ಮೃತಿಯಲ್ಲಿಯೇ ಉಳಿದುಕೊಂಡು ಕರೆ ಬಂದಾಗ ಎದ್ದೇಳುವ ಸಣ್ಣ ತಂತ್ರಾಂಶಗಳು ಆಗಲೂ ಇದ್ದವು. ಅವು ಆಕ್ರಮಿಸಿದಷ್ಟು ಜಾಗ ಮುಖ್ಯ ಕೆಲಸಕ್ಕೆ ಕಡಿಮೆಯಾಗುತ್ತಿತ್ತು. ಭಾರತೀಯ ಭಾಷೆಗಳ ಬಳಕೆದಾರರಿಗೆ ಈ ಇಕ್ಕಟ್ಟು ಇನ್ನೂ ಹೆಚ್ಚು. ಕಾನ್ಪುರದ ಐಐಟಿಯಲ್ಲಿ ಆರಂಭಗೊಂಡು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಜಿಸ್ಟ್ ತಂತ್ರಜ್ಞಾನವು ಇದಕ್ಕೆ ಒಂದು ಪರಿಹಾರವನ್ನು ಒದಗಿಸಿತು. ಗಣಕಯಂತ್ರದೊಳಗೆ ಕೂರಿಸುವ ಪ್ರತ್ಯೇಕ ಕಾರ್ಡೊಂದಕ್ಕೆ ಲಿಪಿಯ ಕೆಲಸವನ್ನು ವಹಿಸಿದ್ದರಿಂದ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಸಾಧಾರಣ ಯಂತ್ರಗಳ ಪರದೆಯ ಮೇಲೆ ಮೂಡಿದವು. 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಾಮಾನ್ಯವಾಗಿ ನೆನಪಾಗುವುದು 1991ರ ಪರಮ್ 8000 ಮಹಾಗಣಕಕ್ಕಾಗಿ. ಆದರೆ ಕಚೇರಿಯ ಗುಮಾಸ್ತರ ಮೇಜಿನವರೆಗೆ ತಲುಪಿದ್ದು ಈ ಪುಟ್ಟ ಕಾರ್ಡು ಎಂಬುದನ್ನು ಮರೆಯಲಾಗದು.

ಅಂದಿನ ಕಿಲೋಬೈಟುಗಳು ಇಂದು ಗಿಗಾಬೈಟುಗಳಾಗಿವೆ. ಅದಕ್ಕೆ ತಕ್ಕಂತೆ ತೆರೆಮರೆಯ ಜನಸಂಖ್ಯೆಯೂ ಬೆಳೆದಿದೆ.

ಯಂತ್ರದೊಳಗೆ ನಡೆಯುವುದೇನು?

ನಡೆಯುತ್ತಿರುವ ಪ್ರತಿಯೊಂದು ತಂತ್ರಾಂಶವನ್ನೂ ಕಾರ್ಯನಿರ್ವಹಣಾ ವ್ಯವಸ್ಥೆಯು ಒಂದು ಅಥವಾ ಹಲವು ‘ಪ್ರೊಸೆಸ್’ಗಳಾಗಿ ಲೆಕ್ಕವಿಡುತ್ತದೆ. ಕಿಟಕಿ ತೆರೆದು ಎದುರಿಗೆ ಕಾಣುವವು ಕೆಲವು. ಯಾವ ಕಿಟಕಿಯೂ ಇಲ್ಲದೆ ನಡೆಯುವ ಹಿನ್ನೆಲೆ ಕಾರ್ಯಗಳು ಹಲವು. ಇವೆಲ್ಲವೂ ಸಂಸ್ಕಾರಕದ ಸಮಯ, ಸ್ಮೃತಿಯ ಸ್ಥಳ, ಡಿಸ್ಕಿನ ಓಡಾಟ ಮತ್ತು ಅಂತರಜಾಲ ಸಂಪರ್ಕವನ್ನು ಹಂಚಿಕೊಳ್ಳಬೇಕು. ಸ್ಮೃತಿ ಸಾಲದಾದಾಗ ವ್ಯವಸ್ಥೆಯು ಕೆಲವು ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತಿರುಗುವ ತಟ್ಟೆಗಳುಳ್ಳ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈ ಸಾಗಾಟ ಬಹಳ ನಿಧಾನ. 4 ಗಿಗಾಬೈಟ್ ಸ್ಮೃತಿಯ ಯಂತ್ರವೊಂದು ಏಕಾಏಕಿ ಸ್ತಬ್ಧವಾದಂತೆ ತೋರುವುದು ಬಹುಮಟ್ಟಿಗೆ ಇದರಿಂದಲೇ.

ವಿಂಡೋಸ್ ವ್ಯವಸ್ಥೆಯಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಸಂಸ್ಕಾರಕ, ಸ್ಮೃತಿ, ಡಿಸ್ಕ್ ಎಂಬ ಅಂಕಣಗಳ ತಲೆಯನ್ನು ಒತ್ತಿದರೆ ಆಯಾ ಸಂಪನ್ಮೂಲವನ್ನು ಹೆಚ್ಚು ಬಳಸುತ್ತಿರುವ ಕಾರ್ಯ ಮೇಲಕ್ಕೆ ಬರುತ್ತದೆ. ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿರುವುದು ಸಾಮಾನ್ಯ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಪುಣೆಯ ಹಳೆಯ ವಾಡೆಯೊಂದರಲ್ಲಿ ಹತ್ತು ಬಿಡಾರಗಳಿಗೆ ಒಂದೇ ನಲ್ಲಿ ಇದ್ದರೂ, ಎಲ್ಲರೂ ಒಂದೇ ಹೊತ್ತಿಗೆ ಕೊಡ ಹಿಡಿದು ಬಂದಾಗ ಮಾತ್ರ ತೊಂದರೆಯಾಗುವಂತೆ, ಇಲ್ಲಿಯೂ ತಲೆಯೆಣಿಕೆ ಮುಖ್ಯವಲ್ಲ. ಯಾರು ಯಾವಾಗ ಎಷ್ಟು ಬಳಸುತ್ತಾರೆಂಬುದೇ ಮುಖ್ಯ. ‘ಸರ್ವಿಸ್ ಹೋಸ್ಟ್’ ಎಂಬ ಹೆಸರು ಹತ್ತಾರು ಬಾರಿ ಕಾಣಿಸುವುದಕ್ಕೂ ಕಾರಣವಿದೆ: 2017ರ ಒಂದು ಪರಿಷ್ಕರಣೆಯಿಂದೀಚೆಗೆ, ಮೂರೂವರೆ ಗಿಗಾಬೈಟಿಗಿಂತ ಹೆಚ್ಚು ಸ್ಮೃತಿಯುಳ್ಳ ಯಂತ್ರಗಳಲ್ಲಿ ವಿಂಡೋಸ್ ತನ್ನ ಬಹುತೇಕ ಸೇವೆಗಳನ್ನು ಬೇರೆ ಬೇರೆಯಾಗಿ ನಡೆಸುತ್ತದೆ. ಒಂದು ಸೇವೆ ಕುಸಿದರೆ ಮಿಕ್ಕವು ಉಳಿಯಲೆಂಬುದು ಇದರ ಉದ್ದೇಶ.

ಸ್ಮೃತಿಯ ಬಹುಭಾಗ ತುಂಬಿದೆಯೆಂಬುದೂ ತನ್ನಷ್ಟಕ್ಕೆ ದೋಷವಲ್ಲ. ಮುಂದೆ ಬೇಕಾಗಬಹುದಾದ ಮಾಹಿತಿಯನ್ನು ಖಾಲಿ ಸ್ಥಳದಲ್ಲಿ ವ್ಯವಸ್ಥೆಯೇ ಮೊದಲೇ ತಂದಿರಿಸಿಕೊಳ್ಳುತ್ತದೆ, ಅವಶ್ಯವಾದಾಗ ಬಿಟ್ಟುಕೊಡುತ್ತದೆ. ಸ್ಮೃತಿಯನ್ನು ‘ಸ್ವಚ್ಛ’ಗೊಳಿಸುವುದಾಗಿ ಜಾಹೀರಾತು ನೀಡುವ ತಂತ್ರಾಂಶಗಳು ಈ ಸಂಗ್ರಹವನ್ನು ಹೊರದೂಡಿ, ತಾವೇ ಮತ್ತೊಂದು ಹಿನ್ನೆಲೆ ಕಾರ್ಯವಾಗಿ ನೆಲೆಯೂರುತ್ತವೆ. ಅವುಗಳಿಂದ ದೂರವಿರುವುದು ಲೇಸು.

ನಿಲ್ಲಿಸಬಹುದಾದವು

ಮೊದಲು ಗಮನಿಸಬೇಕಾದದ್ದು ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗ. ಯಂತ್ರ ಆರಂಭವಾದೊಡನೆ ತಾವಾಗಿಯೇ ಎದ್ದೇಳುವ ತಂತ್ರಾಂಶಗಳ ಹೆಸರು ಮತ್ತು ಪ್ರತಿಯೊಂದರ ‘ಪರಿಣಾಮ’ ಅಲ್ಲಿ ದಾಖಲಾಗಿರುತ್ತದೆ. ಆರಂಭದ ವೇಳೆ ಒಂದು ಸೆಕೆಂಡಿಗಿಂತ ಹೆಚ್ಚು ಸಂಸ್ಕಾರಕ ಸಮಯವನ್ನೋ ಮೂರು ಮೆಗಾಬೈಟಿಗಿಂತ ಹೆಚ್ಚು ಡಿಸ್ಕ್ ಚಟುವಟಿಕೆಯನ್ನೋ ಬಳಸುವ ತಂತ್ರಾಂಶದ ಪರಿಣಾಮವನ್ನು ‘ಹೈ’ ಎಂದು ನಮೂದಿಸಲಾಗುತ್ತದೆ. ಹಾಡು ಕೇಳಿಸುವ ತಂತ್ರಾಂಶಗಳು, ಆಟಗಳ ಮಳಿಗೆಗಳು, ಯಾವಾಗಲೋ ಒಮ್ಮೆ ಬಳಸಿದ ಸಭಾ ತಂತ್ರಾಂಶಗಳು, ಮುದ್ರಣಯಂತ್ರದೊಡನೆ ಬಂದ ಶಾಯಿ ಮಾರಾಟದ ಸೂಚಕಗಳು ಇಲ್ಲಿ ಸಾಮಾನ್ಯ. ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸೇಬಲ್’ ಆರಿಸಿದರೆ ಸಾಕು. ಇದರಿಂದ ತಂತ್ರಾಂಶ ಅಳಿಸಿಹೋಗುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ. ಕ್ರೋಮ್ ಮತ್ತು ಎಡ್ಜ್ ಜಾಲದರ್ಶಕಗಳಲ್ಲಿ, ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಮುಂದುವರಿಯುವುದಕ್ಕೆ ಪ್ರತ್ಯೇಕ ಅನುಮತಿ ‘ಸೆಟ್ಟಿಂಗ್ಸ್’ನ ‘ಸಿಸ್ಟಮ್’ ಭಾಗದಲ್ಲಿರುತ್ತದೆ. ಅದನ್ನು ಹಿಂತೆಗೆದುಕೊಳ್ಳಬಹುದು. ಒಂದು ದಿನಕ್ಕೆ ಒಂದೆರಡನ್ನು ಮಾತ್ರ ನಿಲ್ಲಿಸಿ, ಯಂತ್ರವನ್ನು ಪುನಃ ಆರಂಭಿಸಿ ಪರಿಣಾಮವನ್ನು ನೋಡುವುದು ಒಳ್ಳೆಯದು. ಹತ್ತನ್ನು ಒಮ್ಮೆಗೇ ನಿಲ್ಲಿಸಿದರೆ, ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯದು.

ನಿಲ್ಲಿಸಬಾರದವು

ಅನಾವಶ್ಯಕವೆಂಬುದು ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಪುಣೆಯ ಕನ್ನಡ ಕುಟುಂಬವೊಂದರಲ್ಲಿ ಒಂದೇ ಯಂತ್ರದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ನಡೆಯುವುದು ಸಹಜ. ‘ಸಿಟಿಎಫ್ ಲೋಡರ್’ ಎಂಬ ಅಪರಿಚಿತ ಹೆಸರಿನ ಕಾರ್ಯವು ಭಾಷೆಗಳ ಕೀಲಿಮಣೆಗಳನ್ನು ನಿರ್ವಹಿಸುವ ಅಂಗ. ಅದನ್ನು ನಿಲ್ಲಿಸಿದರೆ ಭಾಷೆ ಬದಲಿಸುವ ಸೌಕರ್ಯಕ್ಕೇ ಧಕ್ಕೆಯಾಗಬಹುದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಕೀಲಿಮಣೆಯ ಭಾಗವೂ ಹಿನ್ನೆಲೆಯಲ್ಲಿದ್ದಾಗಲೇ ಕನ್ನಡ ಅಕ್ಷರ ಮೂಡಿಸುತ್ತದೆ. ಇಂಥದ್ದನ್ನು ದಿನವೂ ಬಳಸದವರು ಆರಂಭದ ಪಟ್ಟಿಯಿಂದ ತೆಗೆದು, ಬರೆಯಲು ಕುಳಿತಾಗ ತೆರೆಯಬಹುದು. ವಿಂಡೋಸಿನಲ್ಲಿಯೇ ಅಡಕವಾಗಿರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಕಲಿತವರಿಗೆ ಯಾವ ಹೆಚ್ಚುವರಿ ತಂತ್ರಾಂಶವೂ ಬೇಕಿಲ್ಲ. ಈ ಕೀಲಿಮಣೆಯಲ್ಲಿ ಕನ್ನಡದ ‘ಕ’ ಮತ್ತು ದೇವನಾಗರಿಯ ‘ಕ’ ಒಂದೇ ಕೀಲಿಯಲ್ಲಿರುವುದು ಎರಡೂ ಲಿಪಿಗಳನ್ನು ಬಲ್ಲವರಿಗೆ ದೊಡ್ಡ ಅನುಕೂಲ.

ನಿವೃತ್ತಿ ವೇತನದಾರರಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. 2014ರ ನವೆಂಬರ್‌ನಲ್ಲಿ ಆರಂಭವಾದ ಜೀವನ್ ಪ್ರಮಾಣ್ ಯೋಜನೆಯಡಿ ಡಿಜಿಟಲ್ ಜೀವಿತ ಪ್ರಮಾಣಪತ್ರವನ್ನು ಮನೆಯಿಂದಲೇ ಸಲ್ಲಿಸಬಹುದಾಗಿದೆ. ಇದಕ್ಕೆ ಬೆರಳಚ್ಚು ಓದುವ ಉಪಕರಣವನ್ನು ಬಳಸುವವರ ಯಂತ್ರದಲ್ಲಿ ‘ಆರ್‌ಡಿ ಸರ್ವಿಸ್’ ಎಂಬ ಹಿನ್ನೆಲೆ ಸೇವೆ ನಡೆಯುತ್ತಿರಲೇಬೇಕು. ವರ್ಷದಲ್ಲಿ ಹನ್ನೊಂದು ತಿಂಗಳು ನಿರುಪಯುಕ್ತವೆನಿಸಿದ ಈ ಸೇವೆಯನ್ನು ಅಳಿಸಿಹಾಕಿದರೆ ನವೆಂಬರ್‌ನಲ್ಲಿ ಉಪಕರಣ ಬೆರಳನ್ನು ಗುರುತಿಸುವುದಿಲ್ಲ. ಪಿಂಚಣಿಯ ದಾಖಲೆ ವಿಳಂಬವಾಗುತ್ತದೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಪರೂಪಕ್ಕೆ ಬೇಕಾಗುವ ಸೇವೆಗಳನ್ನು ‘ಸರ್ವಿಸಸ್’ ಪಟ್ಟಿಯಲ್ಲಿ ಪೂರ್ಣ ನಿಲುಗಡೆ ಮಾಡದೆ ‘ಮ್ಯಾನ್ಯುಯಲ್’ ಎಂದು ಗುರುತಿಸಿಟ್ಟರೆ, ಅವಶ್ಯವಾದಾಗ ಅಲ್ಲಿಂದಲೇ ಆರಂಭಿಸಬಹುದು.

ವಾರಕ್ಕೊಮ್ಮೆ ತೆರೆಯುವ ಯಂತ್ರ

ಮಕ್ಕಳು ಹೊರದೇಶದಲ್ಲಿದ್ದು, ಭಾನುವಾರ ಅವರೊಡನೆ ಮಾತನಾಡುವುದಕ್ಕಾಗಿಯೇ ಗಣಕಯಂತ್ರವನ್ನು ತೆರೆಯುವ ಹಿರಿಯರು ಪುಣೆಯಲ್ಲಿ ಕಡಿಮೆಯಿಲ್ಲ. ಇಂಥ ಯಂತ್ರವೇ ಎಲ್ಲಕ್ಕಿಂತ ನಿಧಾನವೆನಿಸುತ್ತದೆ. ವಾರವಿಡೀ ಆಗದೆ ಉಳಿದ ಪರಿಷ್ಕರಣೆಗಳನ್ನು ತರಿಸಿಕೊಳ್ಳುವುದು, ವೈರಸ್ ಪಟ್ಟಿಯನ್ನು ನವೀಕರಿಸುವುದು, ಕಡತಗಳ ಅನುಕ್ರಮಣಿಕೆ ತಯಾರಿಸುವುದು ಇವೆಲ್ಲ ಗುಂಡಿ ಒತ್ತಿದ ಮೊದಲ ಅರ್ಧ ಗಂಟೆಯಲ್ಲಿಯೇ ಒಟ್ಟಿಗೆ ನುಗ್ಗುತ್ತವೆ. ಬೇಸರದಿಂದ ಯಂತ್ರವನ್ನು ಆರಿಸಿದರೆ ಕೆಲಸ ಅರ್ಧಕ್ಕೆ ನಿಂತು, ಮುಂದಿನ ಭಾನುವಾರ ಪುನಃ ಅದೇ ಕಥೆ. ಇಲ್ಲಿ ನಿಲ್ಲಿಸಬೇಕಾದ ಕಾರ್ಯ ಯಾವುದೂ ಇಲ್ಲ. ಶನಿವಾರ ಸಂಜೆ ಒಂದೆರಡು ಗಂಟೆ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ, ಯಾವ ಕೆಲಸವನ್ನೂ ಕೊಡದೆ ಬಿಟ್ಟರೆ ಭಾನುವಾರದ ಮಾತುಕತೆ ಬಹುಮಟ್ಟಿಗೆ ಸುಗಮವಾಗುತ್ತದೆ.

ಅತಿಕ್ರಮಿಗಳು

ವೈರಸ್ ನಿರೋಧಕ ತಂತ್ರಾಂಶ ಸಂಪನ್ಮೂಲವನ್ನು ಬಳಸುತ್ತದೆಂಬುದು ನಿಜ. ಆದರೂ ಅದನ್ನು ನಿಲ್ಲಿಸುವುದು ಕಾವಲುಗಾರನ ಸಂಬಳ ಉಳಿಸಲು ಬಾಗಿಲು ತೆರೆದಿಟ್ಟಂತೆ. ಎರಡೆರಡು ನಿರೋಧಕಗಳಿದ್ದರೆ ಮಾತ್ರ ಒಂದನ್ನು ತೆಗೆಯಬೇಕು, ಏಕೆಂದರೆ ಪ್ರತಿಯೊಂದು ಕಡತವೂ ಎರಡು ಬಾರಿ ತಪಾಸಣೆಗೊಳ್ಳುತ್ತದೆ.

ಹೆಚ್ಚು ಅಪಾಯಕಾರಿಯಾದದ್ದು ದೂರನಿಯಂತ್ರಣ ತಂತ್ರಾಂಶ. ದುರಸ್ತಿಯ ನೆಪದಲ್ಲಿ ದೂರವಾಣಿ ಮಾಡಿದವರ ಮಾತು ನಂಬಿ ಇದನ್ನು ಅಳವಡಿಸಿಕೊಂಡರೆ, ಅದು ಪ್ರತಿ ಬಾರಿಯೂ ಯಂತ್ರದೊಡನೆ ಎದ್ದು ಹೊರಗಿನವರಿಗೆ ದಾರಿ ತೆರೆದಿಡಬಲ್ಲದು. ಮೊಬೈಲಿನಲ್ಲಿ ಇಂಥ ತಂತ್ರಾಂಶದ ದುರುಪಯೋಗದಿಂದ ಬ್ಯಾಂಕ್ ಖಾತೆಗಳಿಗೆ ಒದಗುವ ಅಪಾಯದ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ಮನೆಯವರಿಗೆ ಪರಿಚಯವಿಲ್ಲದ ದೂರನಿಯಂತ್ರಣ ತಂತ್ರಾಂಶ ಕಂಡುಬಂದರೆ ಅಂತರಜಾಲ ಸಂಪರ್ಕ ಕಡಿದು, ಅದನ್ನು ಸಂಪೂರ್ಣವಾಗಿ ತೆಗೆದುಹಾಕಬೇಕು. ಹಣ ಹೋಗಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಕೆಲವು ದುಷ್ಟ ತಂತ್ರಾಂಶಗಳು ವ್ಯವಸ್ಥೆಯ ಹೆಸರನ್ನೇ ಹೊತ್ತುಕೊಂಡಿರುತ್ತವೆ. ಹೆಸರಿನ ಮೇಲೆ ಬಲಗುಂಡಿ ಒತ್ತಿ ಕಡತವಿರುವ ಸ್ಥಳವನ್ನು ತೆರೆದು ನೋಡಬಹುದು: ನಿಜವಾದ ಸರ್ವಿಸ್ ಹೋಸ್ಟ್ ವಿಂಡೋಸಿನ ‘ಸಿಸ್ಟಮ್ 32’ ಕೋಶದಲ್ಲಿರುತ್ತದೆ, ಇಳಿಸಿಕೊಂಡ ಕಡತಗಳ ನಡುವೆ ಅಲ್ಲ. ಸಂಶಯವಿದ್ದಲ್ಲಿ, ಭಾರತ ಸರ್ಕಾರದ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ತಪಾಸಣಾ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪುಣೆಯಲ್ಲಿ ದುರಸ್ತಿ ಅಂಗಡಿಯಾಗಿ ಹುಟ್ಟಿ ಬೆಳೆದ ಕ್ವಿಕ್ ಹೀಲ್ ಸಂಸ್ಥೆಯೂ ಇವುಗಳನ್ನು ಒದಗಿಸಿದವರಲ್ಲೊಂದು.

ಇಷ್ಟೆಲ್ಲ ಮಾಡಿದ ಮೇಲೂ ಡಿಸ್ಕಿನ ಅಂಕಣ ನೂರರ ಆಸುಪಾಸಿನಲ್ಲಿಯೇ ನಿಂತಿದ್ದರೆ ದೋಷ ಹಿನ್ನೆಲೆ ಕಾರ್ಯಗಳದ್ದಾಗಿರಲಾರದು. ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಿದ್ದಲ್ಲಿ ಸ್ಮೃತಿಯನ್ನು ಹೆಚ್ಚಿಸುವುದಕ್ಕೆ ತಗಲುವ ವೆಚ್ಚ ಹೊಸ ಯಂತ್ರದ ಬೆಲೆಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಬುಧವಾರ ಪೇಠೆಯ ತಪಕೀರ ಗಲ್ಲಿಯಂಥ ಪೇಟೆಗಳಲ್ಲಿ ಬೆಲೆ ವಿಚಾರಿಸಿಯೇ ಮುಂದುವರಿಯಬಹುದು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ ಎಂಬುದನ್ನು ಖರ್ಚು ಮಾಡುವ ಮುನ್ನ ಗಮನಿಸಬೇಕು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರವನ್ನು ಉಳಿಸಿಕೊಳ್ಳಬಯಸುವವರು ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸನ್ನು ಪರಿಶೀಲಿಸಬಹುದು. ಅದರಲ್ಲಿ ಕನ್ನಡಕ್ಕೂ ಅವಕಾಶವಿದೆ. ಬದಲಾಯಿಸುವುದಕ್ಕೆ ಮೊದಲು ಛಾಯಾಚಿತ್ರಗಳು ಮತ್ತು ದಾಖಲೆಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿರಿಸಿಕೊಂಡು, ಬೆರಳಚ್ಚು ಉಪಕರಣ ಮತ್ತು ಮುದ್ರಣಯಂತ್ರ ಅದರೊಡನೆ ಕೆಲಸ ಮಾಡುತ್ತವೆಯೇ ಎಂದು ತಯಾರಕರಲ್ಲಿ ವಿಚಾರಿಸತಕ್ಕದ್ದು.